ತುಮಕೂರಿನಲ್ಲಿದ್ದುಕೊಂಡು ಹಳೇ ಬೆಂಜ್ ಸಾಕಬಹುದಾ?

ಬಟವಾಡಿ ಹುಡುಗ

ಎಲ್ಲರಿಗೂ ನಮಸ್ಕಾರ. ಬಟವಾಡಿ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ, ಗುಬ್ಬಿ ಕಡೆ ತೆಂಗಿನ ತೋಟ. ಮಾಲು ನೋಡಲು ಆಗಾಗ ಪೀಣ್ಯಕ್ಕೆ ಹೋಗುತ್ತೇನೆ, ಉಳಿದ ದಿನ ಊರೊಳಗೇ ಓಡಾಟ. ಬೆಂಜ್ ಮೇಲೆ ಚಿಕ್ಕಂದಿನಿಂದ ಆಸೆ. ಈಗ ಕೈಯಲ್ಲಿ 9 ಲಕ್ಷ ಇದೆ, ಸಾಲ ಮಾಡುವುದಿಲ್ಲ.

ಎರಡು ಕಾರು ಕಣ್ಣಿಗೆ ಬಿದ್ದಿವೆ. ಒಂದು 2011ರ ಬೆಂಜ್ ಇ-ಕ್ಲಾಸ್ 250 ಸಿಡಿಐ, ಡೀಸೆಲ್ ಗಾಡಿ, ಬೆಂಗಳೂರು ರಿಜಿಸ್ಟ್ರೇಶನ್, ಮೂರನೇ ಓನರ್, ಮೀಟರ್‌ನಲ್ಲಿ 88,000 ಕಿಲೋಮೀಟರ್. ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಹತ್ತಿರ ಇದೆ, ಎಂಟೂವರೆ ಹೇಳುತ್ತಿದ್ದಾರೆ. ಇನ್ನೊಂದು 2012ರ ಬಿಎಂಡಬ್ಲ್ಯೂ 520ಡಿ, ಇದೂ ಡೀಸೆಲ್ಲೇ, ದೆಹಲಿ ಗಾಡಿ, ಅದಕ್ಕಿಂತ ತುಂಬಾ ಕಡಿಮೆಗೆ ಬರುತ್ತದೆ. ಹೊಸದರಲ್ಲಿ ಎರಡೂ 40 ಲಕ್ಷದ ಆಸುಪಾಸಿನ ಕಾರುಗಳು. ಯಾವುದು ತಗೊಳ್ಳಲಿ? ಇಲ್ಲಿ ಯಾರಾದರೂ ಇಂಥ ಕಾರು ಇಟ್ಟಿದ್ದರೆ ಖರ್ಚು ಎಷ್ಟು ಬರುತ್ತದೆ ಅಂತ ನಿಜ ಹೇಳಿ.

ಶಿರಾ ಗೇಟ್

ಎರಡೂ ಬೇಡ ಅಣ್ಣ. 9 ಲಕ್ಷಕ್ಕೆ ಹೊಸ ಕಾರೇ ಬರುತ್ತದೆ. ವಾರಂಟಿ ಇರುತ್ತದೆ, ಸರ್ವೀಸ್ ನಮ್ಮ ಬಿ.ಎಚ್. ರಸ್ತೆಯಲ್ಲೇ ಆಗುತ್ತದೆ, ಅಂಗಡಿ ಬಿಟ್ಟು ಬೆಂಗಳೂರಿಗೆ ಓಡಬೇಕಾಗಿಲ್ಲ. 40 ಲಕ್ಷದ ಕಾರು ನಿಮಗೆ ಎಂಟಕ್ಕೆ ಸಿಗಬಹುದು, ಆದರೆ ಅದರ ಹೆಡ್‌ಲೈಟು, ಗೇರ್‌ಬಾಕ್ಸು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಇವತ್ತಿಗೂ 40 ಲಕ್ಷದ ಕಾರಿನವೇ. ಅವುಗಳ ರೇಟು ಇಳಿಯುವುದಿಲ್ಲ. ನಮ್ಮ ನೆಂಟರ ಮನೆಯಲ್ಲಿ ಇಂಥದ್ದೇ ಒಂದು ಗಾಡಿ ಶೆಡ್‌ನಲ್ಲಿ ನಿಂತು ಟೈರ್ ಚಪ್ಪಟೆಯಾಗಿದೆ. ರಿಪೇರಿಗೆ ಹೇಳಿದ ದುಡ್ಡು ಗಾಡಿಯ ರೇಟಿಗಿಂತ ಜಾಸ್ತಿ ಆಯಿತು ಅಂತ ಹಾಗೇ ಬಿಟ್ಟರು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕ್ಯಾತ್ಸಂದ್ರ ಡೀಸೆಲ್

ಶಿರಾ ಗೇಟ್ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಪಾರ್ಟ್‌ಗಳ ರೇಟು ಇಳಿಯುವುದಿಲ್ಲ ಅನ್ನುವುದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಆದರೂ ನಾನು ತಗೊಳ್ಳಿ ಅನ್ನುವವರ ಕಡೆ. ನನ್ನ ಹತ್ತಿರ 2007ರ ಇ-ಕ್ಲಾಸ್ ಇದೆ, ಕಂಪನಿ ಡಬ್ಲ್ಯೂ211 ಅಂತ ಕರೆಯುವ ಬಾಡಿ, 220 ಸಿಡಿಐ. ಎಷ್ಟೋ ವರ್ಷದಿಂದ ಇದೇ ನಮ್ಮ ಮನೆಯ ಒಂದೇ ಕಾರು. ದೇವರಾಯನದುರ್ಗದ ತಿರುವು ಹತ್ತುತ್ತದೆ, ಮದುವೆ ಮನೆಗೂ ಹೋಗುತ್ತದೆ. ಹೈವೇಯಲ್ಲಿ ನೂರರ ವೇಗದಲ್ಲಿ ಹಿಂದಿನ ಸೀಟಿನಲ್ಲಿ ನಮ್ಮ ತಾಯಿ ನಿದ್ದೆ ಮಾಡುತ್ತಾರೆ. ಆ ಸುಖ ಈಗಿನ 10 ಲಕ್ಷದ ಹೊಸ ಕಾರುಗಳಲ್ಲಿ ನನಗೆ ಸಿಕ್ಕಿಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು. ಕಾರು ಹುಡುಕುವ ಮೊದಲು ಮೆಕ್ಯಾನಿಕ್ ಹುಡುಕಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಕಾರು ಮನೆಗೆ ಬಂದು, ಲೈಟು ಹತ್ತಿದ ಮೇಲೆ, ಯಾರ ಹತ್ತಿರ ತೋರಿಸೋಣ ಅಂತ ಫೋನ್ ಹಚ್ಚುತ್ತಾರೆ. ಆ ಹೊತ್ತಿಗೆ ನೀವು ಯಾರು ಏನು ಹೇಳಿದರೂ ಒಪ್ಪಬೇಕಾದ ಸ್ಥಿತಿಯಲ್ಲಿರುತ್ತೀರಿ.

ಬೆಂಗಳೂರಿನಲ್ಲಿ ಕಂಪನಿ ವರ್ಕ್‌ಶಾಪ್ ಬಿಟ್ಟು ಹೊರಗೆ ಬಂದು ಸ್ವಂತ ಗ್ಯಾರೇಜ್ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರು ಬೆಂಜ್ ಮಾತ್ರ ಮಾಡುತ್ತಾರೆ, ಇನ್ನೊಬ್ಬರು ಬಿಎಂಡಬ್ಲ್ಯೂ ಮಾತ್ರ. ಎಲ್ಲ ಕಾರೂ ಮಾಡುತ್ತೇವೆ ಅನ್ನುವವರ ಹತ್ತಿರ ನಾನು ಹೋಗುವುದಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಸುಮ್ನೆ ಹೋಗಿ ಕೂತುಕೊಳ್ಳಿ. ನಿಂತಿರುವ ಗಾಡಿಗಳು ಯಾವ ವರ್ಷದವು ನೋಡಿ. ಬೆಂಜ್ ಆದರೆ ಜೆಂಟ್ರಿ, ಬಿಎಂಡಬ್ಲ್ಯೂ ಆದರೆ ಇಸ್ಟಾ ಅನ್ನುವ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಇದೆಯಾ ಕೇಳಿ. ಬಿಚ್ಚಿದ ಹಳೇ ಪಾರ್ಟ್ ಕೈಗೆ ಕೊಡುತ್ತಾರಾ ಕೇಳಿ. ಆಮೇಲೆ ಅವರನ್ನೇ ಕೇಳಿ, ಅಣ್ಣ, ನನ್ನ ಬಜೆಟ್ ಇಷ್ಟು, ಯಾವ ಎಂಜಿನ್ ತಗೊಳ್ಳಲಿ ಅಂತ. ಹದಿನೈದು ವರ್ಷ ಅದನ್ನೇ ಬಿಚ್ಚಿದ ಕೈಗೆ ಗೊತ್ತಿರುವುದು ಜಾಹೀರಾತಿನಲ್ಲಿ ಸಿಗುವುದಿಲ್ಲ.

ತುಮಕೂರಿನವರಿಗೆ ಇದು ಇನ್ನೂ ಮುಖ್ಯ. ಬೆಂಗಳೂರು ನಮಗೆ 70 ಕಿಲೋಮೀಟರ್. ಗಾಡಿ ನಿಂತರೆ ನಾಲ್ಕೂ ಚಕ್ರ ಮೇಲೆ ಹೊರುವ ಫ್ಲಾಟ್‌ಬೆಡ್ ಲಾರಿ ಮೇಲೆ ಹೋಗಬೇಕು. ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆದರೆ ಗೇರ್‌ಬಾಕ್ಸ್ ಹಾಳಾಗುತ್ತದೆ, ನಮ್ಮೂರಿನ ಕ್ರೇನ್‌ನವರು ಮುಂದಿನ ಚಕ್ರ ಎತ್ತಿ ಹೊರಟುಬಿಡುತ್ತಾರೆ, ಬೆಂಜಿನಲ್ಲಿ ಎಳೆಯುವುದು ಹಿಂದಿನ ಚಕ್ರ. ಅದಕ್ಕೆ ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಳ್ಳಿ, ಫ್ಲಾಟ್‌ಬೆಡ್ ಅಂತ ಅದರಲ್ಲಿ ಬರೆದಿದೆಯಾ ಓದಿ ನೋಡಿ.

ನಮಗೊಂದು ಲಾಭವೂ ಇದೆ. ಹಳೇ ಡೀಸೆಲ್‌ಗೆ ಹೈವೇ ಓಟ ಬೇಕು. ಇಂಜಿನ್ ಪೂರ್ತಿ ಬಿಸಿಯಾಗಿ ಒಂದು ಗಂಟೆ ಓಡಿದರೆ ಇಜಿಆರ್‌ನಲ್ಲಿ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಮಸಿ ಕಟ್ಟುವುದು ಕಡಿಮೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಾದರೆ ಅದು ತನ್ನಷ್ಟಕ್ಕೆ ಸುಟ್ಟು ಸ್ವಚ್ಛವಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತು, ಭಾನುವಾರ ಮಾತ್ರ ನಾಲ್ಕು ಕಿಲೋಮೀಟರ್ ಓಡಿದ ಗಾಡಿಗಿಂತ ನಮ್ಮ ಹೈವೇಯಲ್ಲಿ ಓಡಿದ ಗಾಡಿ ಗಟ್ಟಿ. ಕಡಿಮೆ ಓಡಿದ ಗಾಡಿ ಅಂತ ಆಸೆ ಪಡಬೇಡಿ. ರಬ್ಬರ್, ಸೀಲು, ಪ್ಲಾಸ್ಟಿಕ್ ಪೈಪು ಇವೆಲ್ಲ ಓಡದಿದ್ದರೂ ವಯಸ್ಸಿಗೆ ಒಣಗುತ್ತವೆ.

ಬಟವಾಡಿ ಹುಡುಗ

ಡೀಸೆಲ್ ಅಣ್ಣ, ತುಂಬಾ ಥ್ಯಾಂಕ್ಸ್. ನಿಮ್ಮ ಗಾಡಿಗೆ ವರ್ಷಕ್ಕೆ ಎಷ್ಟು ಖರ್ಚು? ಮತ್ತೆ ಆ ದೆಹಲಿ ಬಿಎಂಡಬ್ಲ್ಯೂ ಅಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದಾರೆ?

ಕೋಲಾರ ಬವೇರಿಯನ್

ದೆಹಲಿ ಗಾಡಿ ವಿಷಯ ನಾನು ಹೇಳುತ್ತೇನೆ. ನಾನು ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುವವನು, ಬಿಎಂಡಬ್ಲ್ಯೂ 3 ಸೀರೀಸ್ ಇದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಆಗಿನಿಂದ ಅಲ್ಲಿನ ಒಳ್ಳೊಳ್ಳೆ ಡೀಸೆಲ್ ಗಾಡಿಗಳು ಬೇರೆ ರಾಜ್ಯಕ್ಕೆ ಅಗ್ಗಕ್ಕೆ ಬರತೊಡಗಿದವು. ಗಾಡಿ ಕೆಟ್ಟದ್ದು ಅಂತಲ್ಲ.

ಆದರೆ ಅದನ್ನು ಕೆಎ-06, ಅಂದರೆ ತುಮಕೂರು ನಂಬರ್ ಮಾಡಿಸಬೇಕಲ್ಲ, ಅಲ್ಲಿದೆ ವಿಷಯ. ದೆಹಲಿ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಆಮೇಲೆ ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲಿನ ಕಾರಿಗೆ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ದುಡ್ಡಿನಿಂದಲ್ಲ. 40 ಲಕ್ಷದ ಗಾಡಿಗೆ ಅದು ಲಕ್ಷಗಳಲ್ಲೇ ಬರುತ್ತದೆ. ಅದನ್ನು ಸೇರಿಸಿ ನೋಡಿದರೆ ಅಗ್ಗ ಅನ್ನುವುದೇ ಉಳಿಯುವುದಿಲ್ಲ. ದೆಹಲಿ ನಂಬರಿನಲ್ಲೇ ಓಡಿಸಿ, ಯಾರೂ ಕೇಳಲ್ಲ ಅಂತ ಮಾರುವವರು ಹೇಳುತ್ತಾರೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಹಾಗೆ ಓಡಿಸುವಂತಿಲ್ಲ. ನೈಸ್ ರಸ್ತೆ ಬಳಿಯೋ ನೆಲಮಂಗಲದ ಬಳಿಯೋ ಹೆಂಡತಿ ಮಕ್ಕಳ ಮುಂದೆ ಗಾಡಿ ಸೀಜ್ ಆದರೆ ಯಾರಿಗೆ ಬೇಕು?

ಇನ್ನು ಎಂಜಿನ್ ಮಾತು. ಆ ಕಾಲದ 320ಡಿ, 520ಡಿಯಲ್ಲಿ ಇದ್ದದ್ದು ಎನ್47 ಅನ್ನುವ ಡೀಸೆಲ್ ಎಂಜಿನ್. ಅದರ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಚೈನ್) ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇರುತ್ತದೆ. 2007ರಿಂದ 2011ರ ಆರಂಭದವರೆಗೆ ತಯಾರಾದವುಗಳಲ್ಲಿ ಚೈನ್ ಸವೆಯುವ ದೂರು ಪ್ರಪಂಚದಾದ್ಯಂತ ಇದೆ. ಚೈನ್ ಬದಲಿಸಬೇಕಾದರೆ ಎಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳಿಯಲೇಬೇಕು. ಕೂಲಿಯೇ ಜಾಸ್ತಿ. ಕಡಿದರೆ ಎಂಜಿನ್ನೇ ಹೋಯಿತು. ಬಾನೆಟ್ ತೆಗೆದು, ಎಂಜಿನ್ನಿನ ಹಿಂದಿನ ಕಡೆ ಕಿವಿಗೊಟ್ಟು, ಇನ್ನೊಬ್ಬರಿಗೆ 1500ರಿಂದ 2000 ಆರ್‌ಪಿಎಂ ಹಿಡಿಯಲು ಹೇಳಿ. ಲೋಹ ಉಜ್ಜುವ ಶಬ್ದ ಬಂದರೆ ಅಲ್ಲಿಗೇ ಬಿಟ್ಟು ಬನ್ನಿ. 2012ರದ್ದು ಸ್ವಲ್ಪ ಸುಧಾರಿಸಿದ ಎಂಜಿನ್, ಆದರೂ ಕೇಳಿಸಿಕೊಳ್ಳದೆ ತಗೊಳ್ಳಬೇಡಿ.

ಇನ್ನೊಂದು, ಈ ಗಾಡಿಗಳಲ್ಲಿ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್, ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ಟೈರ್ ರೇಟೂ ಜಾಸ್ತಿ, ನಮ್ಮ ಮುಳಬಾಗಿಲು ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಅದನ್ನು ರಿಮ್ಮಿನಿಂದ ಬಿಚ್ಚುವ ಮೆಷಿನ್ ಇಲ್ಲ. ಬ್ಯಾಟರಿ ಬದಲಿಸಿದರೂ ಸ್ಕ್ಯಾನರ್ ಹಾಕಿ ಗಾಡಿಗೆ ಹೊಸ ಬ್ಯಾಟರಿ ಅಂತ ರಿಜಿಸ್ಟರ್ ಮಾಡಬೇಕು. ಮಾಡದಿದ್ದರೆ ಹಳೇ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಾ ಹೊಸದನ್ನೂ ಬೇಗ ಮುಗಿಸುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಮಾತು. ಸ್ಟೀರಿಂಗ್ ಹಿಡಿದು ಓಡಿಸುವ ಖುಷಿ ಬೇಕಾದರೆ ಬಿಎಂಡಬ್ಲ್ಯೂಗೆ ಸಾಟಿ ಇಲ್ಲ. ನನ್ನದನ್ನು ಮಾರುವ ಯೋಚನೆಯೇ ಇಲ್ಲ.

ಸ್ಪ್ಯಾನರ್ ಚಿಂತಾಮಣಿ

ನಾನು ಚಿಂತಾಮಣಿಯವನು, ಬೆಂಗಳೂರಿನಲ್ಲಿ ಜರ್ಮನ್ ಗಾಡಿಗಳ ಗ್ಯಾರೇಜಿನಲ್ಲಿ ಕೆಲಸ. ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. 2011ರ 250 ಸಿಡಿಐ ನೋಡಲು ಹೋಗುವಾಗ ಏನು ನೋಡಬೇಕು ಅಂತ ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಹೋಗಿ, ಮೊದಲೇ ಫೋನ್ ಮಾಡಿ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚೈನ್ ಶಬ್ದ, ಇಂಜೆಕ್ಟರ್ ತೊಂದರೆ, ಹೊಗೆ ಎಲ್ಲ ಆಗಲೇ ಗೊತ್ತಾಗುವುದು. ಈ ಎಂಜಿನ್ ಹೆಸರು ಓಎಂ651. ಇದರಲ್ಲಿ ಮೊದಮೊದಲು ಬಂದ ಡೆಲ್ಫಿ ಕಂಪನಿಯ ಪೀಜೋ ನಮೂನೆಯ ಇಂಜೆಕ್ಟರ್‌ಗಳು ಕೆಟ್ಟು, ಆಮೇಲೆ ಕಂಪನಿಯೇ ಬೇರೆ ನಮೂನೆಯ ಇಂಜೆಕ್ಟರ್‌ಗೆ ಬದಲಾಯಿಸಿತು. ನೀವು ನೋಡುವ ಗಾಡಿಯಲ್ಲಿ ಬದಲಾಗಿದೆಯಾ, ಬಿಲ್ ಇದೆಯಾ ಕೇಳಿ. ಡೀಸೆಲ್ ಅಣ್ಣನ ಹಳೇ 220ರಲ್ಲಿ ಬೇರೆ ತೊಂದರೆ, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಲೀಕಾಗಿ ಸುತ್ತ ಟಾರ್ ಥರ ಕಪ್ಪಗೆ ಗಟ್ಟಿಯಾಗುತ್ತದೆ. ಬೇಗ ಹಿಡಿದರೆ ವಾಷರ್ ಖರ್ಚು ಏನೇನೂ ಅಲ್ಲ. ಬಿಟ್ಟರೆ ಇಂಜೆಕ್ಟರ್ ಕೀಳಲೇ ಬರುವುದಿಲ್ಲ, ಹೆಡ್ ಬಿಚ್ಚುವ ಮಟ್ಟಕ್ಕೂ ಹೋಗುತ್ತದೆ.

ಸ್ಕ್ಯಾನ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ. ಆನ್‌ಲೈನಿನಲ್ಲಿ ಸಿಗುವ ಸಣ್ಣ ಸ್ಕ್ಯಾನರ್ ಎಂಜಿನ್ ಒಂದನ್ನೇ ಓದುತ್ತದೆ. ಇಂಥ ಗಾಡಿಯಲ್ಲಿ ಗೇರ್‌ಬಾಕ್ಸು, ಬ್ರೇಕು, ಏರ್‌ಬ್ಯಾಗು, ಸೀಟು ಒಂದೊಂದಕ್ಕೂ ಒಂದೊಂದು ಕಂಟ್ರೋಲ್ ಯೂನಿಟ್. ಮೀಟರ್ ತಿರುಗಿಸುವವರು ಮೀಟರ್ ಬೋರ್ಡಿನಲ್ಲಿ ಮಾತ್ರ ತಿರುಗಿಸುತ್ತಾರೆ. ಬೇರೆ ಯೂನಿಟ್‌ಗಳಲ್ಲಿ ಹಳೇ ಕಿಲೋಮೀಟರ್ ಹಾಗೇ ಕೂತಿರುತ್ತದೆ. ಬಿಎಂಡಬ್ಲ್ಯೂನಲ್ಲಿ ಕೀ ಒಳಗೂ ಉಳಿದಿರುತ್ತದೆ.

ಇನ್ನು ನೀರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿದಾಗ ಎಷ್ಟು ದೊಡ್ಡ ದೊಡ್ಡ ಕಾರುಗಳು ನೀರಿನಲ್ಲಿ ನಿಂತಿದ್ದವು ಅಂತ ಟಿವಿಯಲ್ಲಿ ನೋಡಿದ್ದೀರಿ. ಅವೆಲ್ಲ ಗುಜರಿಗೇ ಹೋದವು ಅಂದುಕೊಳ್ಳಬೇಡಿ. ಸೀಟ್‌ಬೆಲ್ಟ್ ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರು ಇದೆಯಾ ನೋಡಿ. ಎಸಿ ಆಫ್ ಮಾಡಿ, ಗಾಜು ಏರಿಸಿ ಐದು ನಿಮಿಷ ಕೂತರೆ ವಾಸನೆಯೇ ಹೇಳುತ್ತದೆ. ಜೋರಾಗಿ ಸುಗಂಧ ಹೊಡೆದಿದ್ದರೆ ಇನ್ನೂ ಹುಷಾರು. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಇರುವ ಗಾಡಿಯಾದರೆ ರಾತ್ರಿ ನಿಲ್ಲಿಸಿದ ಎತ್ತರ ಬೆಳಿಗ್ಗೆ ಇದೆಯಾ ನೋಡಬೇಕು, ಒಂದು ಮೂಲೆ ಕೂತಿದ್ದರೆ ದೊಡ್ಡ ಖರ್ಚು. ಎರಡೂ ಕೀ ಕೇಳಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ.

ಕ್ಯಾತ್ಸಂದ್ರ ಡೀಸೆಲ್

ಖರ್ಚು ಕೇಳಿದ್ದರಲ್ಲ. ಏನೂ ದೊಡ್ಡದು ಬರದ ವರ್ಷ ನನಗೆ ಸರ್ವೀಸು, ಬ್ರೇಕ್ ಪ್ಯಾಡು, ಸಣ್ಣಪುಟ್ಟದ್ದು ಸೇರಿ 50,000ದ ಒಳಗೆ ಮುಗಿದಿದೆ. ದೊಡ್ಡದು ಬಂದ ವರ್ಷ ಒಂದೂವರೆ ಲಕ್ಷ ದಾಟಿದೆ. ಅದು ಮುಂಭಾಗದ ಲೋವರ್ ಆರ್ಮ್, ಬುಷ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್ ಎಲ್ಲ ಒಟ್ಟಿಗೆ ಹಾಕಿಸಿದ ವರ್ಷ. ಯಾವ ವರ್ಷ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಅದಕ್ಕೇ ನಾನು ತಿಂಗಳು ತಿಂಗಳು ಬೇರೆ ಖಾತೆಗೆ ದುಡ್ಡು ಹಾಕಿಡುತ್ತೇನೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

9 ಲಕ್ಷ ಇದೆ ಅಂತ 9 ಲಕ್ಷದ ಕಾರು ತಗೊಳ್ಳಬೇಡಿ. ನಾಲ್ಕರಿಂದ ಐದರೊಳಗೆ ಮುಗಿಸಿ, ಉಳಿದದ್ದು ಗಾಡಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿರಲಿ. ಶಿರಾ ಗೇಟ್ ಅವರ ನೆಂಟರ ಗಾಡಿ ಶೆಡ್ ಸೇರಿದ್ದು ಅದು ಬೆಂಜ್ ಅಂತಲೋ ಆಡಿ ಅಂತಲೋ ಅಲ್ಲ, ಕೊಂಡ ಮೇಲೆ ಕೈಯಲ್ಲಿ ಏನೂ ಉಳಿಯಲಿಲ್ಲ ಅಂತ.

ಪಾರ್ಟ್ ವಿಷಯದಲ್ಲಿ ಉಳಿಸುವ ದಾರಿ ಇದೆ. ಕಂಪನಿ ಡಬ್ಬಿಯಲ್ಲಿ ಬರುವ ಆರ್ಮ್ ಮಾಡುವವರು ಲೆಮ್ಫೋರ್ಡರ್ ಥರದವರು, ಶಾಕ್ ಮಾಡುವವರು ಸ್ಯಾಕ್ಸ್, ಬಿಲ್‌ಸ್ಟೀನ್. ಅವರ ಸ್ವಂತ ಡಬ್ಬಿಯಲ್ಲಿ ತಗೊಂಡರೆ ರೇಟು ಕಡಿಮೆ. ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಆದರೆ ನಕಲಿಯೂ ಸಿಗುತ್ತದೆ, ಮೆಕ್ಯಾನಿಕ್ ಹೇಳಿದ ಅಂಗಡಿಗೇ ಹೋಗಿ. ಹೆಡ್‌ಲೈಟು, ಡೋರ್ ಮಿರರ್, ಸ್ವಿಚ್ಚು ಇಂಥವು ಶಿವಾಜಿನಗರದಲ್ಲಿ ಬಿಚ್ಚಿದ ಗಾಡಿಯಿಂದ ತಗೊಳ್ಳಬಹುದು. ಬ್ರೇಕ್, ಸಸ್ಪೆನ್ಷನ್ ಮಾತ್ರ ಹಳೇದು ಹಾಕಿಸಲೇಬೇಡಿ.

ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಿಸಬೇಕಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಬಿಎಂಡಬ್ಲ್ಯೂಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಅನ್ನುತ್ತದೆ. ನಾನು ಬೆಂಜಿನಲ್ಲಿ ಇನ್ನೂ ಮುಂಚೆ ಬದಲಿಸುತ್ತೇನೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರು ರೇಡಿಯೇಟರ್‌ಗೆ ಹಾಕಲೇಬೇಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಗಡಸು ನೀರು, ಸೋಲಾರ್ ಹೀಟರ್ ಪೈಪಿನಲ್ಲಿ ಬಿಳಿ ಪುಡಿ ಕಟ್ಟಿರುವುದು ಎಲ್ಲರ ಮನೆಯಲ್ಲೂ ಇದೆ. ಅದೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಕೂಲೆಂಟ್ ಕಡಿಮೆಯಾದರೆ ಕಂಪನಿ ಹೇಳಿದ ಕೂಲೆಂಟೇ, ಡಿಸ್ಟಿಲ್ಡ್ ವಾಟರ್ ಜೊತೆ. ಡಿಕ್ಕಿಯಲ್ಲಿ ಒಂದು ಕ್ಯಾನ್ ಇರಲಿ. ಮತ್ತೆ ನೀವು ತೋಟದ ಮನೆ ಹತ್ತಿರ ನಿಲ್ಲಿಸುವವರು, ತೆಂಗಿನಕಾಯಿ ಇರುವ ಕಡೆ ಇಲಿ ಇರುತ್ತದೆ, ವೈರಿಂಗ್ ಕಡಿದರೆ ಹುಡುಕುವುದೇ ದೊಡ್ಡ ಕೆಲಸ. ರಾತ್ರಿ ಬಾನೆಟ್ ಎತ್ತಿಟ್ಟು ಒಳಗೆ ಲೈಟ್ ಹಾಕುವವರಿದ್ದಾರೆ, ನನಗೆ ಅದು ಉಪಯೋಗ ಆಗಿದೆ.

ಶಿರಾ ಗೇಟ್

ಅಂದರೆ ಎರಡು ಕಾರಿನ ದುಡ್ಡು ಇಟ್ಟುಕೊಂಡು ಒಂದು ಕಾರು ತಗೊಳ್ಳಬೇಕು ಅಂದಂಗಾಯಿತು. ಹಾಗಿದ್ದರೆ ಮಾತ್ರ ನಾನೂ ಒಪ್ಪುತ್ತೇನೆ. ಆದರೆ ಅಂಗಡಿ ಇರುವವರಿಗೆ ಒಂದು ದಿನ ಬೆಂಗಳೂರಿನಲ್ಲಿ ಕಳೆದರೆ ವ್ಯಾಪಾರ ಹೋಗುತ್ತದೆ, ಅದನ್ನು ಯಾರೂ ಲೆಕ್ಕ ಹಾಕುತ್ತಿಲ್ಲ. ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ?

ಬಟವಾಡಿ ಹುಡುಗ

ಇದೆ ಅಣ್ಣ, ಮಾರುತಿ ಒಂದಿದೆ, ಅದನ್ನು ಮಾರುವುದಿಲ್ಲ. 15 ವರ್ಷ ಆದ ಗಾಡಿ ಗುಜರಿಗೆ ಹಾಕಬೇಕು ಅಂತ ಅಂಗಡಿಗೆ ಬಂದವರೆಲ್ಲ ಹೇಳುತ್ತಾರಲ್ಲ, ಅದು ನಿಜವಾ? ಇನ್ಶೂರೆನ್ಸ್ ಸಿಗುತ್ತದಾ?

ನಂದಿ ತಪ್ಪಲು

ನಾನು ಚಿಕ್ಕಬಳ್ಳಾಪುರದವಳು, ಇನ್ಶೂರೆನ್ಸ್ ಕೆಲಸ ಮಾಡುತ್ತೇನೆ, ಆರ್‌ಟಿಒ ಕಾಗದಗಳೂ ದಿನಾ ಕೈಗೆ ಬರುತ್ತವೆ.

ಕರ್ನಾಟಕದಲ್ಲಿ 15 ವರ್ಷಕ್ಕೆ ಸ್ವಂತ ಬಳಕೆಯ ಕಾರು ಗುಜರಿಗೆ ಹಾಕಬೇಕು ಅಂತ ಇಲ್ಲ. ಆರ್‌ಸಿ ಮೊದಲ ಸಲ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ, ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ರಿನ್ಯೂವಲ್ ಫೀಸು 5,000 ರೂಪಾಯಿ. ವಿದೇಶದಿಂದ ಆಮದಾದ ಕಾರಿಗೆ 40,000. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದ್ದಾರೆ, ಆಮದು ಕಾರಾದರೆ 80,000. ಇ-ಕ್ಲಾಸ್ ಪುಣೆಯಲ್ಲೇ ಜೋಡಿಸಿದ್ದು, ಆದರೂ ಆರ್‌ಸಿಯಲ್ಲಿ ಏನು ಬರೆದಿದೆ ಅಂತ ಒಮ್ಮೆ ನೋಡಿಬಿಡಿ. ಇದರ ಮೇಲೆ ಹಸಿರು ತೆರಿಗೆ ಬೇರೆ. 2011ರ ಗಾಡಿ ತಗೊಂಡರೆ 2026ರಲ್ಲಿ ಈ ಕೆಲಸ ನಿಮ್ಮ ತಲೆಗೇ ಬರುತ್ತದೆ, ರೇಟು ಮಾತಾಡುವಾಗ ಅದನ್ನು ಸೇರಿಸಿ ಮಾತಾಡಿ.

ಇನ್ಶೂರೆನ್ಸ್ ಸಿಗುತ್ತದೆ. 1500 ಸಿಸಿ ಮೇಲಿನ ಕಾರಿಗೆ ಥರ್ಡ್ ಪಾರ್ಟಿ ಒಂದಕ್ಕೇ 2022ರಲ್ಲಿ ನಿಗದಿಯಾದಂತೆ 7,897 ರೂಪಾಯಿ, ಜೊತೆಗೆ ಜಿಎಸ್‌ಟಿ. ಐದು ವರ್ಷ ದಾಟಿದ ಗಾಡಿಗೆ ಐಡಿವಿ (ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ) ನೀವು ಮತ್ತು ಕಂಪನಿ ಮಾತಾಡಿ ಒಪ್ಪಿಕೊಂಡಷ್ಟು. ಜೀರೋ ಡೆಪ್ (ಪಾರ್ಟ್‌ಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಪಾಲಿಸಿ) ಇಷ್ಟು ಹಳೆಯದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ, ಅಂದರೆ ಬಂಪರ್ ಒಡೆದರೆ ಪ್ಲಾಸ್ಟಿಕ್ಕಿನ ಅರ್ಧ ದುಡ್ಡು ನಿಮ್ಮದೇ. ಹಳೇ ಓನರಿನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆ ಹೋಗುತ್ತದೆ. ಗಾಡಿ ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇದನ್ನು ಮರೆತು ಆಮೇಲೆ ಅಪಘಾತ ಆಗಿ ಕ್ಲೇಮ್ ಸಿಗದೆ ಅತ್ತವರನ್ನು ನೋಡಿದ್ದೇನೆ, ದಯವಿಟ್ಟು ಮರೆಯಬೇಡಿ.

ಹೆಸರು ಬದಲಾವಣೆಯ ಫಾರಂ 29, 30 ಸಹಿ ಮಾಡಿಸಿಕೊಳ್ಳಿ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಸಾಲ ತೀರಿದೆ ಅನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬಾರದೆ ದುಡ್ಡು ಕೊಡಬೇಡಿ. ಬಾಕಿ ದಂಡ ಎಷ್ಟಿದೆ ಆನ್‌ಲೈನಿನಲ್ಲಿ ನೋಡಿ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಆದಾಯ ತೆರಿಗೆ ಕಾನೂನಿನಲ್ಲಿ ತಪ್ಪು, ತಗೊಂಡವರಿಗೆ ಅಷ್ಟೇ ದಂಡ. ಅರ್ಧ ಕ್ಯಾಶ್ ಕೊಡಿ ಅನ್ನುವವರ ಹತ್ತಿರ ವ್ಯವಹಾರ ಬೇಡ.

ಬಟವಾಡಿ ಹುಡುಗ

ಮೇಡಂ, ತುಂಬಾ ಉಪಕಾರ ಆಯಿತು. ದೆಹಲಿ ಗಾಡಿ ಬಿಟ್ಟೆ. ಡೀಸೆಲ್ ಅಣ್ಣನ ಮೆಕ್ಯಾನಿಕ್ ಹತ್ತಿರ ಹೋಗಿ ಮಾತಾಡಿಕೊಂಡು, ಅವರನ್ನೇ ಕರೆದುಕೊಂಡು ಬೆಳಿಗ್ಗೆ 250 ಸಿಡಿಐ ನೋಡಿ ಬಂದೆ. ಪೇಂಟು, ಒಳಗಡೆ ಎಲ್ಲ ಚೆನ್ನಾಗಿತ್ತು. ಓಡಿಸಿದಾಗ ಇಳಿಯಲು ಮನಸ್ಸೇ ಬರಲಿಲ್ಲ. ಸ್ಕ್ಯಾನ್ ಹಾಕಿದರೆ ಮೀಟರ್‌ನಲ್ಲಿ 88,000, ಗೇರ್‌ಬಾಕ್ಸ್ ಯೂನಿಟ್‌ನಲ್ಲಿ 1,46,000. ಮಾರುವವರನ್ನು ಕೇಳಿದರೆ ನಮಗೆ ಗೊತ್ತಿಲ್ಲ, ಹಳೇ ಓನರ್ ಮಾಡಿರಬೇಕು, ಬೇಕಾದರೆ ಒಂದು ಲಕ್ಷ ಕಡಿಮೆ ಮಾಡುತ್ತೇವೆ ಅಂದರು. ಏನು ಮಾಡಲಿ?

ಸ್ಪ್ಯಾನರ್ ಚಿಂತಾಮಣಿ

ಈ ಎಂಜಿನ್‌ಗೆ 1,46,000 ಏನೂ ದೊಡ್ಡದಲ್ಲ. ಮೆಕ್ಯಾನಿಕ್ ಉಳಿದದ್ದೆಲ್ಲ ಸರಿ ಇದೆ ಅಂದರೆ, ಅಷ್ಟು ಓಡಿದ ಗಾಡಿಗೆ ಏನು ರೇಟೋ ಅದನ್ನು ಕೇಳಿ. ಒಂದು ಲಕ್ಷ ಸಾಲದು. ಇಂಜೆಕ್ಟರ್ ಬಿಲ್ ಸಿಕ್ಕಿತಾ?

ಬಟವಾಡಿ ಹುಡುಗ

ಇಲ್ಲ. ಯಾವ ಬಿಲ್ಲೂ ಇಲ್ಲ. ಸರ್ವೀಸ್ ಪುಸ್ತಕ ಕಳೆದುಹೋಗಿದೆ ಅಂದರು.

ಕ್ಯಾತ್ಸಂದ್ರ ಡೀಸೆಲ್

ಹಾಗಾದರೆ ಬಿಡಿ. ಸ್ಪ್ಯಾನರ್ ಅವರ ಮಾತು ಲೋಹಕ್ಕೆ ಸರಿ, ನನಗೆ ಚಿಂತೆ ಬೇರೆ. 58,000 ಕಿಲೋಮೀಟರ್ ಮುಚ್ಚಿಟ್ಟವರು ಆ ಓಟದಲ್ಲಿ ಆಯಿಲ್ ಬದಲಿಸಿದರೋ ಇಲ್ಲವೋ ಅನ್ನುವುದನ್ನೂ ಮುಚ್ಚಿಟ್ಟಂತೆಯೇ. ಚೈನು, ಟರ್ಬೊ, ಇಂಜೆಕ್ಟರ್ ಮೂರಕ್ಕೂ ಆಯಿಲ್, ಫಿಲ್ಟರ್‌ಗಳ ಚರಿತ್ರೆಯೇ ಆಧಾರ. ಬಿಲ್ ಇರುವ 1,80,000ದ ಗಾಡಿ ನನಗೆ ಕೊಡಿ, ಬಿಲ್ ಇಲ್ಲದ 88,000ದ್ದು ಬೇಡ. ಓಡಿಸಿ ಆಸೆ ಹತ್ತಿದೆ ಅಂತ ಗೊತ್ತು. ಇನ್ನೂ ಗಾಡಿಗಳು ಬರುತ್ತವೆ, ಆತುರ ಮಾಡಬೇಡಿ.

ಕೋಲಾರ ಬವೇರಿಯನ್

ನನ್ನ ಓಟೂ ಬಿಡಿ ಅನ್ನುವುದಕ್ಕೇ.

ಬಟವಾಡಿ ಹುಡುಗ

ಸ್ವಲ್ಪ ದಿನ ಆಯಿತು ಇಲ್ಲಿ ಬರೆದು. ಆ ಗಾಡಿ ಬಿಟ್ಟೆ. ನಮ್ಮ ತಂದೆಗೆ ಪರಿಚಯದ ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಬ್ಬರು ತಮ್ಮ ಕಾರು ಕೊಡುವ ಯೋಚನೆಯಲ್ಲಿದ್ದಾರೆ ಅಂತ ಗೊತ್ತಾಯಿತು. 2009ರ ಇ 220 ಸಿಡಿಐ, ಡೀಸೆಲ್ ಅಣ್ಣನದೇ ಬಾಡಿ. ಎರಡನೇ ಓನರ್, ಕೆಎ-44 ನಂಬರ್, 1,71,000 ಕಿಲೋಮೀಟರ್. ಆರ್‌ಸಿ 2024ರಲ್ಲಿ ರಿನ್ಯೂ ಆಗಿ 2029ರವರೆಗೆ ಇದೆ. ಒಂದು ಫೈಲಿನ ತುಂಬ ಬಿಲ್ಲು, ಗೇರ್‌ಬಾಕ್ಸ್ ಆಯಿಲ್ ಎರಡು ಸಲ ಬದಲಿಸಿದ್ದೂ ಇದೆ. 4 ಲಕ್ಷ 10 ಸಾವಿರ ಹೇಳಿದ್ದಾರೆ. ಮೆಕ್ಯಾನಿಕ್ ಸ್ಕ್ಯಾನ್ ಮಾಡಿ ಎಲ್ಲ ಯೂನಿಟ್‌ನಲ್ಲೂ ಕಿಲೋಮೀಟರ್ ಒಂದೇ ಅಂದರು. ಮುಂದಿನ ಬುಷ್ ಸವೆದಿವೆ, ಒಂದು ಇಂಜೆಕ್ಟರ್ ವಾಷರ್ ಸಣ್ಣಗೆ ಲೀಕು, ಎಸಿ ತಂಪು ಸ್ವಲ್ಪ ಕಡಿಮೆ. ಬ್ರೇಕ್ ಬಗ್ಗೆ ಯಾರೋ ಹೆದರಿಸಿದರು, ಈ ಬಾಡಿಯಲ್ಲಿ ಎಸ್‌ಬಿಸಿ ಅಂತ ದೊಡ್ಡ ಖರ್ಚಿನ ಪಂಪ್ ಇರುತ್ತದಂತೆ?

ಸ್ಪ್ಯಾನರ್ ಚಿಂತಾಮಣಿ

ಅದು 2006ರ ಫೇಸ್‌ಲಿಫ್ಟ್‌ಗೆ (ಅದೇ ಮಾಡೆಲ್ಲಿನ ಸುಧಾರಿಸಿದ ರೂಪ) ಮುಂಚಿನ ಗಾಡಿಗಳಲ್ಲಿ. ಆಮೇಲೆ ಕಂಪನಿ ಅದನ್ನು ತೆಗೆದು ಮಾಮೂಲಿ ಹೈಡ್ರಾಲಿಕ್ ಬ್ರೇಕ್ ಕೊಟ್ಟಿತು. ನಿಮ್ಮದು 2009, ಆ ಚಿಂತೆ ಇಲ್ಲ. ವಾಷರ್ ಮಾತ್ರ ಮುಂದೂಡಬೇಡಿ, ಗಾಡಿ ಕೈಗೆ ಬಂದ ವಾರವೇ ಮಾಡಿಸಿ.

ನಂದಿ ತಪ್ಪಲು

ತಿಪಟೂರಿನಿಂದ ತುಮಕೂರಿಗೆ ಬಂದರೂ ಅದೇ ರಾಜ್ಯ, ಟ್ಯಾಕ್ಸ್ ಮತ್ತೆ ಕಟ್ಟಬೇಕಾಗಿಲ್ಲ, ನಂಬರೂ ಅದೇ ಇರುತ್ತದೆ. ಹೆಸರು, ವಿಳಾಸ ಬದಲಾದರೆ ಸಾಕು. ಇನ್ಶೂರೆನ್ಸ್ ಮುಗಿಯುವ ತಾರೀಕು ನೋಡಿ, ಒಂದು ದಿನ ತಪ್ಪಿದರೂ ಮತ್ತೆ ಗಾಡಿ ಇನ್‌ಸ್ಪೆಕ್ಷನ್ ಕೇಳುತ್ತಾರೆ.

ಶಿರಾ ಗೇಟ್

ಇದು ಒಪ್ಪುವಂಥ ಲೆಕ್ಕ ಅಣ್ಣ. ಗೊತ್ತಿರುವವರ ಗಾಡಿ, ಅರ್ಧ ದುಡ್ಡು ಕೈಯಲ್ಲೇ ಉಳಿಯಿತು. ತಗೊಳ್ಳಿ.

ಕ್ಯಾತ್ಸಂದ್ರ ಡೀಸೆಲ್

ತಗೊಳ್ಳಿ. ಬುಷ್‌ಗೆ, ವಾಷರ್‌ಗೆ, ಎಸಿಗೆ ಮೆಕ್ಯಾನಿಕ್ ಹೇಳುವ ಖರ್ಚು ಬರೆಸಿಕೊಂಡು ಅವರ ಮುಂದಿಟ್ಟು ಮಾತಾಡಿ, 3 ಲಕ್ಷ 80 ಸಾವಿರದ ಹತ್ತಿರ ಬರಬಹುದು. ಬಾರದಿದ್ದರೂ ಬಿಡಬೇಡಿ, ಈ ಫೈಲು ಇನ್ನೊಂದು ಕಡೆ ಸಿಗುವುದು ಕಷ್ಟ. ಮನೆಗೆ ಬಂದ ಮೇಲೆ ಮೊದಲ ಸರ್ವೀಸಿಗೆ ಎಂಜಿನ್ ಆಯಿಲ್ ಡಬ್ಬಿ ಮೇಲೆ ಎಂಬಿ 229.5 ಅಥವಾ 229.51 ಅಂತ ಬೆಂಜ್ ಕಂಪನಿ ಒಪ್ಪಿದ ಗುರುತು ಇರುವುದನ್ನೇ ಹಾಕಿಸಿ. ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್ ಒಂದೇ ಸಲ ಬದಲಿಸಿಬಿಡಿ, ಹಳೇ ಓನರ್ ಯಾವಾಗ ಮಾಡಿಸಿದ್ದರು ಅಂತ ನೋಡಲು ಹೋಗಬೇಡಿ. ಮೆಕ್ಯಾನಿಕ್ ಹತ್ತಿರ ಸೋಮವಾರ ಬೇಡ, ಅವತ್ತು ಗ್ಯಾರೇಜ್ ತುಂಬಿರುತ್ತದೆ. ಬುಧವಾರ ನಾನೂ ನನ್ನ ಗಾಡಿ ತಗೊಂಡು ಹೋಗುತ್ತಿದ್ದೇನೆ, ನೀವೂ ಬರುವುದಾದರೆ ಬೆಳಿಗ್ಗೆ ಏಳಕ್ಕೆ ಕ್ಯಾತ್ಸಂದ್ರ ಟೋಲ್ ಹತ್ತಿರ ಸಿಗೋಣ.